ಹಿರಿಯರ ಪೆಟ್ಟಿಗೆಯಲ್ಲಿ ಫ್ರೀಮೇಸನ್ ಕುರುಹುಗಳು

ಹಿರಿಯರ ಪೆಟ್ಟಿಗೆಯಲ್ಲಿ ಕೈವಾರ, ಮೂಲೆಮಟ್ಟಗಳ ಗುರುತುಳ್ಳ ಪದಕವನ್ನೋ ಕುರಿಮರಿಯ ತೊಗಲಿನ ಏಪ್ರನ್ನನ್ನೋ ಕಂಡವರು, ರಹಸ್ಯಸಂಘದ ವಸ್ತುವೆಂದು ಅಂಜಿ ಹಳೆಯ ಸಾಮಾನಿನವನಿಗೆ ಮಾರಿಬಿಡುವುದುಂಟು. ಹಾಗೆ ಮಾಡಲಾಗದೆಂದು ನಾವು ವಾಚಕರಲ್ಲಿ ಬಿನ್ನವಿಸುತ್ತೇವೆ. ಫ್ರೀಮೇಸನ್ನರ ಹೆಸರುಗಳು ಗುಟ್ಟಾಗಿ ಉಳಿದವುಗಳಲ್ಲ. ಇಂಗ್ಲೆಂಡಿನಲ್ಲಿ 1799ರ ಕಾಯಿದೆಯಂತೆ ಲಾಡ್ಜುಗಳು ತಮ್ಮ ಸದಸ್ಯರ ಹೆಸರು, ವಾಸಸ್ಥಳ, ಕಸುಬುಗಳ ಪಟ್ಟಿಯನ್ನು ವರ್ಷವರ್ಷವೂ ಜಿಲ್ಲೆಯ ಅಧಿಕಾರಿಗೆ ಒಪ್ಪಿಸಬೇಕಾಗಿದ್ದಿತು. ಈ ಕಟ್ಟಳೆ 1967ರಲ್ಲಿ ರದ್ದಾಯಿತು.

ವಸ್ತುಗಳೂ ಮಾತನಾಡಬಲ್ಲುವು. ಆಂಗ್ಲ ಪದ್ಧತಿಯಲ್ಲಿ ಬರಿಯ ಬಿಳಿಯ ಏಪ್ರನ್ನು ಹೊಸದಾಗಿ ಸೇರಿದವರದು. ತಿಳಿನೀಲಿಯ ಅಂಚೂ ಮೂರು ಗುಲಾಬಿಬಿಲ್ಲೆಗಳೂ ಇದ್ದರೆ, ಮೂರನೆಯ ಪದವಿಯನ್ನು ಪಡೆದವರದು.

ಆದರೆ ಗುರುತಿಗಿಂತ ಅಂಕಿಯೇ ದೊಡ್ಡ ಸಾಕ್ಷಿ. ಪದಕದಲ್ಲಿ ಕೊರೆದಿರುವ ಲಾಡ್ಜಿನ ಸಂಖ್ಯೆಯನ್ನೂ ವರ್ಷವನ್ನೂ ಒಟ್ಟಿಗೆ ಬರೆದುಕೊಳ್ಳತಕ್ಕದ್ದು. ಆಂಗ್ಲ ಲಾಡ್ಜುಗಳ ಸಂಖ್ಯೆಗಳು 1814, 1832, 1863ರಲ್ಲಿ ಬದಲಾದುವು. ವರ್ಷವನ್ನು ನೋಡದೆ ಹುಡುಕುವವರು ಪರರ ಅಜ್ಜನನ್ನು ತಮ್ಮವನೆಂದು ಭ್ರಮಿಸಿಯಾರು.

ನಮ್ಮ ದೇಶದವರಾದರೆ, 1961ರಲ್ಲಿ ಭಾರತದ ಗ್ರಾಂಡ್ ಲಾಡ್ಜು ಸ್ಥಾಪಿತವಾಯಿತೆಂಬುದನ್ನು ನೆನೆಯಬೇಕು. ಅದಕ್ಕೆ ಹಿಂದೆ ಇಲ್ಲಿನ ಲಾಡ್ಜುಗಳು ಇಂಗ್ಲೆಂಡ್, ಸ್ಕಾಟ್‌ಲೆಂಡ್, ಐರ್ಲೆಂಡುಗಳ ಅಧೀನದಲ್ಲಿದ್ದುವು. ಆದುದರಿಂದ ಪ್ರಮಾಣಪತ್ರವನ್ನು ಪದಕದಿಂದ ಅಗಲಿಸದಿರಿ. ಕೊರೆದ ಅಕ್ಷರ ಸವೆಯುವಂತೆ ಪದಕವನ್ನು ಉಜ್ಜದಿರಿ. ಬೆಳ್ಳಿಯ ಬೆಲೆ ಅಲ್ಪ. ಹಿರಿಯರ ಹೆಸರಿಗೆ ದಾರಿ ತೋರುವ ಅಕ್ಷರ ಅಮೂಲ್ಯವಾದುದು.