ಮೂರು ಕಲ್ಲಿನ ಒಲೆ, ಎರಡು ಕಡ್ಡಿಯ ಬೆಂಕಿ

ಶಿಬಿರದ ಅಡುಗೆಗೂ ಬೇಕು ಲೆಕ್ಕಾಚಾರ

ಚೆನ್ನೈ: ಶಾಲೆಗಳಿಗೆ ರಜೆ ಬಂತೆಂದರೆ ಸಂಘಗಳಲ್ಲಿ ಮಕ್ಕಳ ಶಿಬಿರ, ವನಭೋಜನ, ಚಾರಣಗಳ ಮಾತು ಶುರುವಾಗುತ್ತದೆ. ಬಸ್ಸು ಗೊತ್ತು ಮಾಡುವಲ್ಲಿ ತೋರುವ ಮುತುವರ್ಜಿ ಅಡುಗೆಯ ವಿಷಯದಲ್ಲಿ ಕಾಣುವುದು ಕಡಿಮೆ. ‘ಕಟ್ಟಿಗೆ ಅಲ್ಲೇ ಸಿಗುತ್ತದೆ, ಮೂರು ಕಲ್ಲು ಇಟ್ಟರಾಯಿತು’ ಎಂಬ ಧೈರ್ಯ! ಆದರೆ ಬಯಲಿನ ಅಡುಗೆ ಮನೆಯಿಂದಲೇ ಆರಂಭವಾಗಬೇಕು. ಊಟವಾದ ಮಾತ್ರಕ್ಕೆ ಅದು ಮುಗಿಯುವುದೂ ಇಲ್ಲ.

ಬಯಲಿನ ಅಡುಗೆಯನ್ನು ಮಕ್ಕಳಿಗೆ ಶಿಸ್ತಿನಿಂದ ಕಲಿಸಿದ ಕೀರ್ತಿ ಸ್ಕೌಟ್ ಚಳವಳಿಗೆ ಸಲ್ಲುತ್ತದೆ. ಭಾರತದ ಮೊದಲ ಸ್ಕೌಟ್ ದಳ 1909ರಲ್ಲಿ ಬೆಂಗಳೂರಿನ ಬಿಷಪ್ ಕಾಟನ್ ಶಾಲೆಯಲ್ಲಿ ಆರಂಭವಾಯಿತು. ಆಗ ಭಾರತೀಯ ಬಾಲಕರಿಗೆ ಅದರಲ್ಲಿ ಪ್ರವೇಶವಿರಲಿಲ್ಲ. ಆ ಕೊರತೆ ನೀಗಲು 1910ರ ದಶಕದಲ್ಲಿ ಮದರಾಸಿನಲ್ಲಿ ಅನಿಬೆಸೆಂಟ್ ಮತ್ತು ಜಾರ್ಜ್ ಅರುಂಡೇಲ್ ಶ್ರಮಿಸಿದರು ಎಂಬುದು ಇಲ್ಲಿನ ಕನ್ನಡಿಗರು ನೆನೆಯಬೇಕಾದ ಸಂಗತಿ. ಎರಡೇ ಕಡ್ಡಿಗಳಲ್ಲಿ ಕಟ್ಟಿಗೆ ಹೊತ್ತಿಸಿ, ಇಬ್ಬರಿಗಾಗುವಷ್ಟು ಅಡುಗೆ ಮಾಡುವುದು ಸ್ಕೌಟ್‌ಗಳ ಹಳೆಯ ಪರೀಕ್ಷೆ.

ಮೊದಲು ಪಟ್ಟಿ

ಒಂದೇ ಪಾತ್ರೆಯಲ್ಲಿ ಆಗುವ ಅಡುಗೆ ಶಿಬಿರಕ್ಕೆ ಲೇಸು. ಸೌದೆ ಒಲೆಯಲ್ಲಿ ತೊಗರಿಬೇಳೆ ಬೇಗ ಬೇಯದು. ಹೆಸರುಬೇಳೆ ಹುಗ್ಗಿಯಾದರೆ ಕಾಯಿಸುವುದಿಲ್ಲ. ಇಪ್ಪತ್ತು ಮಂದಿಗೆ ಒಂದೂವರೆ ಕಿಲೋ ಅಕ್ಕಿ, ಮುಕ್ಕಾಲು ಕಿಲೋ ಬೇಳೆ; ಅಳತೆಯಲ್ಲಿ ಅದರ ನಾಲ್ಕು ಪಾಲು ನೀರು. ಹುರಿದ ರವೆ, ಸಾರಿನ ಪುಡಿ, ಒಗ್ಗರಣೆ ಸಾಮಾನುಗಳನ್ನು ಮನೆಯಲ್ಲೇ ಅಳೆದು, ಹೊತ್ತಿಗೊಂದರಂತೆ ಪೊಟ್ಟಣ ಕಟ್ಟಿಟ್ಟರೆ ಅಲ್ಲಿ ಹುಡುಕಾಟವಿಲ್ಲ. ಮಳೆ ಬಂದು ಒಲೆ ಉರಿಯದಿದ್ದರೆ? ಒಂದು ಹೊತ್ತಿಗಾದರೂ ಗೊಜ್ಜವಲಕ್ಕಿಯ ಪುಡಿ ಕೈಯಲ್ಲಿರಬೇಕು.

ನಮ್ಮ ಕರಾವಳಿಯಲ್ಲಿ ಸಿಗುವುದು ಹೆಚ್ಚಾಗಿ ಸವುಕ್ಕು, ಅಂದರೆ ಗಾಳಿ ಮರದ ಕಟ್ಟಿಗೆ. ಒಣಗಿದ್ದರೆ ಚೆನ್ನಾಗಿ ಉರಿದು ಒಳ್ಳೆಯ ಕೆಂಡವಾಗುತ್ತದೆ. ದೊಡ್ಡ ಜ್ವಾಲೆಯಲ್ಲಿ ತಳ ಹೊತ್ತುತ್ತದೆ. ಹುಗ್ಗಿ ಹದವಾಗುವುದು ಕೆಂಡದ ಮೇಲೆ. ಪಾತ್ರೆಯ ಹೊರಮೈಗೆ ಜೇಡಿಮಣ್ಣು ಸವರಿದರೆ ಮಸಿ ಸುಲಭವಾಗಿ ಹೋಗುತ್ತದೆ. ಹೊಳೆಯಿಂದ ಎತ್ತಿದ ಒದ್ದೆ ಕಲ್ಲನ್ನು ಒಲೆಗೆ ಇಡಬಾರದು, ಕಾದಾಗ ಸಿಡಿಯುವ ಅಪಾಯವಿದೆ.

ಮರೆಯಬಾರದ ಪಾಠ

2018ರ ಮಾರ್ಚ್ 11ರಂದು ಥೇಣಿ ಜಿಲ್ಲೆಯ ಕುರಂಗಣಿ ಬೆಟ್ಟದಲ್ಲಿ ಕಾಡ್ಗಿಚ್ಚಿಗೆ ಸಿಲುಕಿ 20ಕ್ಕೂ ಹೆಚ್ಚು ಚಾರಣಿಗರು ಅಸುನೀಗಿದರು. ಅವರಲ್ಲಿ ಚೆನ್ನೈಯಿಂದ ಹೋದವರೂ ಇದ್ದರು. ಆ ಬೆಂಕಿ ಹೇಗೆ ಹುಟ್ಟಿತೆಂಬ ಮಾತು ಬೇರೆ. ಬೇಸಿಗೆಯ ಒಣಹುಲ್ಲಿನಲ್ಲಿ ಅದು ಎಷ್ಟು ಬೇಗ ಹರಡುತ್ತದೆ ಎಂಬುದನ್ನು ಯಾರೂ ಮರೆಯುವಂತಿಲ್ಲ. ಮೀಸಲು ಅರಣ್ಯದಲ್ಲಿ ಅನುಮತಿಯಿಲ್ಲದೆ ಬೆಂಕಿ ಹಾಕುವುದು 1882ರ ತಮಿಳುನಾಡು ಅರಣ್ಯ ಕಾಯಿದೆಯಂತೆ ಅಪರಾಧ. ಕಾಡಿನ ಹಾದಿಗೆ ಹೋಗುವವರು ಪುಳಿಯೋಗರೆ, ಚಪಾತಿ, ಚಟ್ನಿಪುಡಿ ಕಟ್ಟಿಕೊಂಡು ಹೋಗುವುದೇ ಸರಿ. ಒಲೆ ಏನಿದ್ದರೂ ಮಾಲೀಕರ ಒಪ್ಪಿಗೆಯುಳ್ಳ ತೋಟದಲ್ಲಿ, ಅನುಮತಿಯುಳ್ಳ ಶಿಬಿರದ ಬಯಲಿನಲ್ಲಿ.

ಅಲ್ಲಿಯೂ ಸುತ್ತಲಿನ ತರಗೆಲೆ ಗುಡಿಸಿ, ಎರಡು ಬಕೆಟ್ ನೀರು ಪಕ್ಕದಲ್ಲಿಟ್ಟ ಮೇಲೆಯೇ ಕಡ್ಡಿ ಗೀರಬೇಕು. ಕೆಂಡದ ಮೇಲೆ ಮರಳು ಮುಚ್ಚಿ ಬರುವವರಿದ್ದಾರೆ. ಇದು ತಪ್ಪು. ಒಳಗೆ ಕೆಂಡ ಬಹಳ ಹೊತ್ತು ಬಿಸಿಯಾಗಿಯೇ ಇರುತ್ತದೆ. ಬರಿಗಾಲಿನಲ್ಲಿ ಓಡಿ ಬರುವ ಮಗುವಿಗೆ ಅದು ಕಾಣುವುದಿಲ್ಲ. ನೀರು ಸುರಿದು, ಕೋಲಿನಿಂದ ಕದಡಿ, ಮತ್ತೆ ನೀರು ಸುರಿಯಬೇಕು. ಹತ್ತಿರ ಕೈ ಹಿಡಿದಾಗ ಬಿಸಿ ತಟ್ಟದಿರುವವರೆಗೂ ಇದು ಸಾಗಬೇಕು.

ಸಂಘಗಳ ಪದಾಧಿಕಾರಿಗಳು ಶಿಬಿರಕ್ಕೆ ಹೊರಡುವಾಗ ದಿನಸಿ ಪಟ್ಟಿಗೆ ಒಬ್ಬರನ್ನು ನೇಮಿಸುವಂತೆ ಬೆಂಕಿಯ ಹೊಣೆಗೂ ಒಬ್ಬ ಹಿರಿಯರನ್ನು ನೇಮಿಸಲಿ. ಎಲ್ಲರೂ ಬಸ್ಸು ಹತ್ತಿದ ಮೇಲೆ, ಒಲೆ ತಣ್ಣಗಾಗಿದೆಯೆಂದು ನೋಡಿ ಅವರು ಕೊನೆಯಲ್ಲಿ ಹತ್ತಲಿ.