ಲಸಿಕೆ ದಿನ ತಾಯಿಯನ್ನೂ ವಿಚಾರಿಸಿ

ಆರು ವಾರದ ಕೂಸು. ತೊಡೆಗೆ ಪೆಂಟಾವೇಲೆಂಟ್ ಲಸಿಕೆ ಚುಚ್ಚಿಸಿಕೊಂಡು ಬಂದ ರಾತ್ರಿ ಮೈ ಸುಡ್ತಿದೆ, ಅಳು ನಿಲ್ತಿಲ್ಲ. "ಚೆನ್ನಾಗಿದ್ದ ಮಗೂಗೆ ಯಾಕೆ ಚುಚ್ಚಿಸಿದ್ರಿ?" ಅಂತ ಮನೇಲಿ ಮಾತು ಶುರು. ಮುಂದಿನ ಡೋಸ್ ತಪ್ಪೋದು ಇಂಥ ರಾತ್ರಿಗಳಿಂದಲೇ.

ಗಂಟಲುಮಾರಿ, ನಾಯಿಕೆಮ್ಮು, ಧನುರ್ವಾಯು ಸೇರಿ 5 ಕಾಯಿಲೆಗಳನ್ನ ಎದುರಿಸೋಕೆ ಮೈ ತಯಾರಾಗ್ತಿರುತ್ತೆ, ಅದಕ್ಕೇ ಈ ಜ್ವರ. ಸಾಮಾನ್ಯವಾಗಿ ಒಂದೆರಡು ದಿನದಲ್ಲಿ ಇಳಿಯುತ್ತೆ. ಡಾಕ್ಟರು ಇದನ್ನ ಮೊದಲೇ ಹೇಳಿಬಿಟ್ರೆ ಅರ್ಧ ಭಯ ಅಲ್ಲೇ ಹೋಯ್ತು. ಹೆದರಿ ಪ್ರಶ್ನೆ ಕೇಳೋ ತಾಯಿ ಮೇಲೆ ದಯವಿಟ್ಟು ರೇಗಬೇಡಿ.

ಈಗ ಆ ತಾಯಿ ಮುಖ ನೋಡಿ. ತಾಯಿ ಕಾರ್ಡಲ್ಲಿ ಮಗುವಿನ ತೂಕ ಬರೀತೀವಿ, "ನಿದ್ದೆ ಬರ್ತಿದೆಯಾಮ್ಮಾ?" ಅಂತ ಕೇಳೋರು ಕಡಿಮೆ. ಆಕೆಗೆ ಸುಮ್ಮಸುಮ್ಮನೆ ಅಳು, ಮಗೂನ ಎತ್ತಿಕೊಳ್ಳೋಕೂ ಮನಸ್ಸಿಲ್ಲ. ಬಾಣಂತನದಲ್ಲಿ ಇದೆಲ್ಲ ಇದ್ದದ್ದೇ ಅಂತ ತಳ್ಳಿಹಾಕ್ತೀವಿ. ವಾರಗಟ್ಟಲೆ ಹೀಗೇ ಇದ್ರೆ ಅದು ಹೆರಿಗೆ ನಂತರದ ಖಿನ್ನತೆ ಇರಬಹುದು. ಅದಕ್ಕೆ ಚಿಕಿತ್ಸೆ ಇದೆ.

ಮನೋರೋಗ ತಜ್ಞರ ಹತ್ರ ಹೋಗು ಅಂದ್ರೆ ಆಕೆ ಹಿಂಜರೀಬಹುದು. ಆದ್ರೆ 6, 10, 14ನೇ ವಾರ ಲಸಿಕೆಗೆ ಅಂತ ಬರ್ತಾಳಲ್ಲ? ಆಗಲೇ ಎರಡು ಪ್ರಶ್ನೆ ಕೇಳಿ. ಕಳೆದ 2 ವಾರದಿಂದ ಮನಸ್ಸು ಕುಗ್ಗಿದೆಯಾ? ಯಾವುದರಲ್ಲೂ ಆಸಕ್ತಿ ಇಲ್ಲ ಅನ್ನಿಸ್ತಿದೆಯಾ? ಹೌದು ಅಂದ್ರೆ ಕೂರಿಸಿ ಮಾತಾಡಿಸಿ.

ಇನ್ನೂ ನೆರವು ಬೇಕಿದ್ರೆ ಟೆಲಿ ಮಾನಸ್ ಮಾನಸಿಕ ಆರೋಗ್ಯ ಸಹಾಯವಾಣಿ ಇದೆ, 14416. ಉಚಿತ, ಹಗಲು ರಾತ್ರಿ, ಕನ್ನಡದಲ್ಲೇ. ತಾಯಿಯೇ ಫೋನ್ ಮಾಡಬೇಕು ಅಂತಿಲ್ಲ, ಗಂಡ, ಅತ್ತೆ, ಆಶಾ ಕಾರ್ಯಕರ್ತೆ ಯಾರಾದ್ರೂ ಮಾಡಬಹುದು.