ಟವರ್ ಸಿಗುವ ತನಕ

ಸಂಜೆ ಐದರ ಹೊತ್ತಿಗೆ ಮಲ್ಪೆಯ ಧಕ್ಕೆಯಲ್ಲಿ ಯಾರ ಮಾತೂ ಯಾರಿಗೂ ಕೇಳಿಸುವುದಿಲ್ಲ. ಐಸ್ ಪ್ಲಾಂಟಿನ ಲಾರಿ ಹಿಂದಕ್ಕೆ ಬಂದು ನಿಂತಿದೆ. ಗೋಣಿ ಸುತ್ತಿದ ಕೈಯವನೊಬ್ಬ ಮಂಜುಗಡ್ಡೆಗೆ ಕೊಕ್ಕೆ ಸಿಕ್ಕಿಸಿ ಎಳೆದೆಳೆದು ಯಂತ್ರದ ಬಾಯಿಗೆ ತಳ್ಳುತ್ತಾನೆ. ಅದು ಕರಕರ ಅಗಿದು ಉಗುಳಿದ ಪುಡಿ ತಗಡಿನ ಮೇಲೆ ಜಾರಿ ಬೋಟಿನ ಹೊಟ್ಟೆಯೊಳಗೆ ಸುರಿಯುತ್ತದೆ. ಕೆಳಗೆ ಸಲಿಕೆ ಹಿಡಿದು ನಿಂತವನ ಮೊಣಕಾಲವರೆಗೆ ಮಂಜು, ಹಣೆಯ ಮೇಲೆ ಬೆವರು. ಸ್ವಲ್ಪ ಬದಿಗೆ ಸರಿದು ನಿಲ್ಲಿ, ಇಲ್ಲಿ ನೆಲ ಜಾರುತ್ತದೆ. ಡೀಸೆಲ್, ಒದ್ದೆ ಹಗ್ಗ, ಹಳೆಯ ಬಲೆ, ಯಾರೋ ಹಚ್ಚಿದ ಬೀಡಿ, ಎಲ್ಲದರ ವಾಸನೆಯೂ ಒಂದರ ಮೇಲೊಂದು ಬರುತ್ತದೆ. ಮೀನಿನ ವಾಸನೆಯನ್ನು ಮಾತ್ರ ಐದು ನಿಮಿಷದಲ್ಲಿ ಮೂಗು ಲೆಕ್ಕಕ್ಕೆ ಹಿಡಿಯುವುದನ್ನೇ ಬಿಡುತ್ತದೆ.

ಮಂಜು ತುಂಬಿದ ಮೇಲೆ ರೇಷನ್ನಿನ ಸರದಿ. ಕುಚ್ಚಲಕ್ಕಿ ಚೀಲ, ತೆಂಗಿನಕಾಯಿ, ಈರುಳ್ಳಿ, ಬಟಾಟೆ, ಗ್ಯಾಸ್ ಸಿಲಿಂಡರು, ನೀಲಿ ಡ್ರಮ್ಮುಗಳಲ್ಲಿ ಕುಡಿಯುವ ನೀರು. ಧಕ್ಕೆಯಿಂದ ಒಬ್ಬ ಎಸೆದರೆ ಬೋಟಿನಲ್ಲಿ ಇನ್ನೊಬ್ಬ ಹಿಡಿಯುತ್ತಾನೆ. ಹಿಡಿಯುವವನಿಗೆ ಇಪ್ಪತ್ತಾರೋ ಇಪ್ಪತ್ತೇಳೋ ಇರಬೇಕು. ಮೊಬೈಲನ್ನು ಕಿವಿಗೂ ಹೆಗಲಿಗೂ ನಡುವೆ ಸಿಕ್ಕಿಸಿಕೊಂಡೇ ಅಕ್ಕಿ ಚೀಲ ಹಿಡಿದ. ಹಿಡಿದು, ಗಂಟಲು ಏರಿಸಿ ಕೂಗಿದ: "ಹೆಣೆ, ಕೇಂತಿಲ್ಲೆ! ಐಸ್ ಹಾಕ್ತಿದ್ರ್, ಮತ್ತ್ ಮಾಡ್ತೆ!" ಪಕ್ಕದಲ್ಲಿ ಬಲೆಯ ಹರಕು ಹೊಲಿಯುತ್ತಿದ್ದ ಹಿರಿಯರು ತಲೆ ಎತ್ತದೆ ನಕ್ಕರು. ಮದುವೆಯಾಗಿ ಇನ್ನೂ ಮೊದಲ ದೀಪಾವಳಿ ಕಳೆದಿದೆಯಷ್ಟೇ.

ಆ ಕಡೆ ಫೋನ್ ಹಿಡಿದವಳು ಮರವಂತೆಯಲ್ಲಿ ಬಸ್ಸಿನಿಂದ ಇಳಿಯುತ್ತಿದ್ದಳು. ಎಡಕ್ಕೆ ಕಡಲು, ಬಲಕ್ಕೆ ಸೌಪರ್ಣಿಕಾ ಹೊಳೆ, ನಡುವೆ ಹೆದ್ದಾರಿ. ಪ್ರವಾಸಿಗರು ಕಾರು ನಿಲ್ಲಿಸಿ ಫೋಟೊ ತೆಗೆದುಕೊಳ್ಳುವ ಆ ಜಾಗದಿಂದ ಕಾಲ್ನಡಿಗೆಯಲ್ಲಿ ಮುಟ್ಟುವಷ್ಟು ದೂರದಲ್ಲಿ ಅವರ ಮನೆ. ಗಂಗೊಳ್ಳಿ ಬಂದರು ಪಕ್ಕದಲ್ಲೇ ಇದೆ. ಆದರೂ ಆಳಸಮುದ್ರದ ದೊಡ್ಡ ಬೋಟಿನ ಕೆಲಸ ಬೇಕೆಂದರೆ ಐವತ್ತು ಚಿಲ್ಲರೆ ಕಿಲೋಮೀಟರ್ ತೆಂಕಿಗೆ, ಮಲ್ಪೆಗೇ ಹೋಗಬೇಕು. ಅಲ್ಲಿ ಕುಂದಾಪುರ, ಭಟ್ಕಳ, ಹೊನ್ನಾವರ, ಕುಮಟಾ ಕಡೆಯ ಹುಡುಗರಿದ್ದಾರೆ, ಒಡಿಶಾ, ಜಾರ್ಖಂಡಿನವರೂ ಇದ್ದಾರೆ. ಬೋಟೊಂದರಲ್ಲಿ ಏಳೆಂಟು ಜನ. ಎಲ್ಲರ ಮನೆಯಲ್ಲೂ ಹೀಗೇ ಒಂದು ಫೋನ್ ಕಾಯುತ್ತಿರುತ್ತದೆ.

ಕತ್ತಲಾದ ಮೇಲೆ ಬೋಟು ಹೊರಡುತ್ತದೆ. ಹೊಳೆಬಾಯಿ ದಾಟಿ, ತೋನ್ಸೆಪಾರ್ ದ್ವೀಪದ ಬಂಡೆಗಳನ್ನು ಬದಿಗಿಟ್ಟು, ಪಡುವಣಕ್ಕೆ. ದಡದಿಂದ ಹದಿನೈದಿಪ್ಪತ್ತು ಕಿಲೋಮೀಟರ್ ಕಳೆಯುವಷ್ಟರಲ್ಲಿ ಮೊಬೈಲಿನ ಗೆರೆಗಳು ಒಂದೊಂದಾಗಿ ಉದುರತೊಡಗುತ್ತವೆ. ಆ ಹೊತ್ತಿನ ಮಾತಿಗೆ ತಲೆಯೂ ಇರುವುದಿಲ್ಲ, ಬುಡವೂ ಇರುವುದಿಲ್ಲ. "ಉಂಡ್ಯಾ?" "ಉಂಡೆ. ನೀನ್?" "ಚಳಿ ಇತ್ತಾ?" ಅಷ್ಟರಲ್ಲಿ ಕಟ್. ಮತ್ತೆ ಅವಳಿಂದ ಒಂದು ಮೆಸೇಜು ಹೋಗುತ್ತದೆ, ಅದರ ಮುಂದೆ ಒಂಟಿ ಟಿಕ್ಕು. ಎರಡನೆಯದು ಬೀಳಬೇಕಾದರೆ ವಾರ ಕಳೆಯಬೇಕು.

ಅಲ್ಲಿಂದಾಚೆ ಅವನ ಲೆಕ್ಕ ಹಗಲು ರಾತ್ರಿಯದಲ್ಲ, ಬಲೆಯದು. ಬಲೆ ಇಳಿಸಿ ಎರಡು ಮೂರು ಗಂಟೆ ಎಳೆಯುವುದು, ವಿಂಚು ತಿರುಗಿಸಿ ಎತ್ತುವುದು, ಹಲಗೆಯ ಮೇಲೆ ಸುರಿದ ರಾಶಿಯ ಮುಂದೆ ಕುಕ್ಕರಗಾಲಲ್ಲಿ ಕೂತು ವಿಂಗಡಿಸುವುದು. ರಾಣಿ ಮೀನು ಒಂದು ಕಡೆ, ಬೊಂಡಾಸ್ ಒಂದು ಕಡೆ, ಬೆಳ್ಳಿ ಪಟ್ಟಿಯಂತಹ ಪಾಂಬೊಲ್ ಇನ್ನೊಂದು ಕಡೆ. ಕೆಂಪು ಮೈ, ದೊಡ್ಡ ಕಣ್ಣಿನ ಮೀನಿಗೆ ಮಲ್ಪೆಯವರು ಡಿಸ್ಕೋ ಎಂದು ಯಾಕೆ ಹೆಸರಿಟ್ಟರೋ, ಅದನ್ನು ನೋಡಿದ ಮೇಲೆ ಬೇರೆ ಹೆಸರು ಹೊಳೆಯುವುದಿಲ್ಲ. ವಿಂಗಡಿಸಿದ್ದನ್ನು ಕೆಳಗಿಳಿಸಿ, ಒಂದು ಪದರ ಮಂಜು, ಒಂದು ಪದರ ಮೀನು ಎಂದು ಜೋಡಿಸುವಷ್ಟರಲ್ಲಿ ಮುಂದಿನ ಬಲೆ ಏಳುವ ಹೊತ್ತಾಗಿರುತ್ತದೆ. ನಿದ್ದೆಯೂ ಆ ನಡುವಿನ ತುಂಡುಗಳಲ್ಲೇ. ಜಿಪಿಎಸ್, ಮೀನು ತೋರಿಸುವ ಪರದೆ ಎಲ್ಲ ಬಂದಿದ್ದರೂ ಬೋಟು ನಡೆಸುವ ತಂಡೇಲರ ಬಾಯಲ್ಲಿ ಆಳ ಈಗಲೂ ಮಾರಿನ ಲೆಕ್ಕ. ಎರಡು ಕೈ ಚಾಚಿದಷ್ಟು ಉದ್ದ ಒಂದು ಮಾರು, ಸುಮಾರು ಆರು ಅಡಿ.

ಅವಳ ವಾರವೂ ವಿಂಗಡಿಸುವುದರಲ್ಲೇ ಕಳೆಯುತ್ತದೆ. ಗೇರುಬೀಜದ ಕಾರ್ಖಾನೆಯಲ್ಲಿ ಕೆಲಸ. ಬೀಜ ಒಡೆಯುವ ಕಡೆ ಎಣ್ಣೆ ತಾಗಿ ಕೈ ಸುಡುತ್ತದೆ, ಬೆರಳು ಕಪ್ಪಾಗುತ್ತದೆ. ಅವಳು ಒಳಗಿನ ಕೋಣೆಯವಳು, ತಿರುಳನ್ನು ಗಾತ್ರ ನೋಡಿ ಬೇರ್ಪಡಿಸುವವಳು. ಉದ್ದ ಮೇಜಿನ ಎರಡೂ ಬದಿ ಹೆಂಗಸರು. ತಲೆಗೆ ಬಟ್ಟೆ, ಕೈಯಲ್ಲಿ ಬಳೆಯಿಲ್ಲ. ಅವಳ ಬೆರಳುಗಳನ್ನೇ ನೋಡುತ್ತ ನಿಂತೆ. ತೋರುಬೆರಳು ಮುಂದೆ ಹೋಗಿ ಒಂದು ಬೀಜವನ್ನು ಎಡಕ್ಕೆ ನೂಕುತ್ತದೆ, ಕಿರುಬೆರಳು ಇನ್ನೊಂದನ್ನು ಬಲಕ್ಕೆ, ಹೆಬ್ಬೆರಳು ಚೂರನ್ನು ತನ್ನತ್ತ ಎಳೆದುಕೊಳ್ಳುತ್ತದೆ. ಕಣ್ಣು ಆಗಲೇ ನಾಲ್ಕನೆಯದರ ಮೇಲಿರುತ್ತದೆ. 180, 240, 320 ಎಂದು ಅವರು ಹೇಳುವ ಸಂಖ್ಯೆ ಒಂದು ಪೌಂಡಿಗೆ ಎಷ್ಟು ಇಡೀ ಬೀಜ ತೂಗುತ್ತವೆ ಎಂಬುದರ ಲೆಕ್ಕ. ಸಂಖ್ಯೆ ಸಣ್ಣದಾದಷ್ಟು ಬೀಜ ದೊಡ್ಡದು, ಬೆಲೆಯೂ ದೊಡ್ಡದು. ನಾವು ಅಂಗಡಿಯಲ್ಲಿ ಸಾಮಾನ್ಯವಾಗಿ ಕೊಳ್ಳುವುದು 320.

ಮೇಜಿನ ಹತ್ತಿರ ಫೋನ್ ತರುವಂತಿಲ್ಲ, ಚೀಲದಲ್ಲಿಟ್ಟು ಗೋಡೆಯ ಮೊಳೆಗೆ ನೇತುಹಾಕಬೇಕು. ಊಟದ ಬಿಡುವಿನಲ್ಲಿ ಮೊದಲು ತೆಗೆಯುವುದು ಬುತ್ತಿಯಲ್ಲ, ಫೋನು. ಸಿಗುವುದಿಲ್ಲವೆಂದು ಗೊತ್ತಿದ್ದೂ ಒಮ್ಮೆ ಹಚ್ಚಿ ನೋಡುತ್ತಾಳೆ. ಮನೆಯಲ್ಲೂ ಅಷ್ಟೇ, ಜಗಲಿಯಿಂದ ಅಂಗಳಕ್ಕೆ, ಅಂಗಳದಿಂದ ತೆಂಗಿನಬುಡಕ್ಕೆ. ಇದೇ ಕೆಲಸದ ಗಂಡನೊಡನೆ ಬಾಳಿ ಬಂದ ಅತ್ತೆ ಒಂದೆರಡು ದಿನ ಸುಮ್ಮನಿದ್ದು ಮೂರನೆಯ ದಿನ ಹೇಳುತ್ತಾರೆ: "ಟವರ್ ಸಿಕ್ರೆ ಅಂವನೇ ಮಾಡ್ತ. ನೀ ಉಣ್ ಕಾಂಬ." ಅವರ ಕಾಲದಲ್ಲಿ ಬೋಟು ಬಂತೆಂದು ತಿಳಿಯುತ್ತಿದ್ದುದೇ ಗಂಡ ಮನೆ ಬಾಗಿಲಿಗೆ ಬಂದಾಗ. ಈಗ ನಡುವೆ ಒಂದು ದಾರಿಯಿದೆ. ಬೋಟಿನಿಂದ ಬೋಟಿಗೆ ವಯರ್‌ಲೆಸ್ಸಿನಲ್ಲಿ ಮಾತಾಗುತ್ತದೆ, ಮೊದಲು ದಡಕ್ಕೆ ಮರಳಿದ ಬೋಟಿನವರು "ನಿಮ್ಮವರು ಬಲೆ ಎಳೆಯುತ್ತಿದ್ದಾರೆ" ಎಂದು ಸುದ್ದಿ ಮುಟ್ಟಿಸುತ್ತಾರೆ. ಆ ಒಂದು ಸಾಲಿನ ಮೇಲೆ ಮನೆ ಎರಡು ದಿನ ನಡೆಯುತ್ತದೆ.

ಬೆಂಗಳೂರಿನ ಗಂಡ ಹುಬ್ಬಳ್ಳಿಯ ಹೆಂಡತಿಯನ್ನು ಬಿಟ್ಟು ವಾರವಿಡೀ ದುಡಿದರೂ ಶುಕ್ರವಾರ ರಾತ್ರಿಯ ಬಸ್ಸಿನ ಟಿಕೆಟು ಜೇಬಿನಲ್ಲಿರುತ್ತದೆ. ಇವರಿಗೆ ವಾರ ಎಂಬುದು ಒಂದು ಅಂದಾಜು. ಡೀಸೆಲ್, ಮಂಜು, ರೇಷನ್ನಿನ ಖರ್ಚು ಕಳೆದು ಉಳಿದದ್ದರಲ್ಲಿ ಮಾಲಕರ ಪಾಲು, ತಂಡೇಲರ ಪಾಲು, ಆಳುಗಳ ಪಾಲು. ಮೀನು ಬೇಗ ಬಿದ್ದರೆ ಏಳನೆಯ ದಿನ ತಿರುಗಿ ಬಂದಾರು. ಬೀಳದಿದ್ದರೆ ಖರ್ಚಾದರೂ ಹುಟ್ಟಲೆಂದು ಹತ್ತು ದಿನವೂ ಆದೀತು. ಎಂಟನೆಯ ದಿನ ಬರಲಿಲ್ಲವೆಂದರೆ ಅದು ಮೀನಿಲ್ಲದ ಸುದ್ದಿಯೇ ಇರಬಹುದು, ಬೇರೆಯದೂ ಇರಬಹುದು. 2018ರ ಡಿಸೆಂಬರಿನಲ್ಲಿ ಮಲ್ಪೆಯಿಂದ ಹೊರಟ ಸುವರ್ಣ ತ್ರಿಭುಜ ಬೋಟು ಏಳು ಮಂದಿಯೊಡನೆ ಕಾಣೆಯಾಯಿತು. 2019ರ ಮೇ ತಿಂಗಳಲ್ಲಿ ಮಹಾರಾಷ್ಟ್ರದ ಕಡಲಡಿಯಲ್ಲಿ ಅದರ ಅವಶೇಷವನ್ನು ನೌಕಾಪಡೆ ಪತ್ತೆಹಚ್ಚಿತು. ಕರಾವಳಿಯ ಇಂಥ ಮನೆಗಳಲ್ಲಿ ಆ ಹೆಸರು ಎತ್ತುವವರಿಲ್ಲ, ಮರೆತವರೂ ಇಲ್ಲ.

ಈ ಸಲ ಒಂಬತ್ತನೆಯ ದಿನ ನಸುಕಿನಲ್ಲಿ ಅವಳ ಫೋನು ಒಂದೇ ಸಮನೆ ಟಿಣ್ ಟಿಣ್ ಅಂದಿತು. ಅವನ ಫೋನಿನಲ್ಲಿ ಹೋಗದೆ ಉಳಿದಿದ್ದ ಮೆಸೇಜುಗಳೆಲ್ಲ ಒಟ್ಟಿಗೆ ಮುಟ್ಟಿದ್ದವು. ಹಿಂದೆಯೇ ಕರೆ: "ಟವರ್ ಸಿಕ್ತ್." ಬೋಟು ಧಕ್ಕೆಗೆ ತಾಗುವ ಹೊತ್ತಿಗೆ ಹರಾಜು ಕೂಗುವವರು, ತಲೆಹೊರೆಯವರು, ಬುಟ್ಟಿ ಹಿಡಿದ ಹೆಂಗಸರು, ಹದ್ದು, ಬೆಕ್ಕು ಎಲ್ಲ ಅಲ್ಲಿ ಸೇರಿದ್ದವು. ರಾಣಿ ಮೀನಿನ ರಾಶಿ ಮೀನಿನ ತಿರುಳು ಅರೆಯುವ ಸುರಿಮಿ ಕಾರ್ಖಾನೆಯ ಲಾರಿ ಹತ್ತಿತು. ಅವನು ಮಿಂದು, ಸಾರಿಗೆಂದು ಸಿಕ್ಕ ಪಾಲಿನ ಮೀನನ್ನು ಪ್ಲಾಸ್ಟಿಕ್ಕಿನಲ್ಲಿ ಕಟ್ಟಿಕೊಂಡು ಕುಂದಾಪುರದ ಬಸ್ಸು ಹತ್ತಿದ. ಮನೆಯಲ್ಲಿ ಆ ಮೀನನ್ನು ಅತ್ತೆ ಸೊಸೆ ಹಂಚಿಕೊಂಡು ತಿಂದರು. ಒಂಬತ್ತು ದಿನ ಮೂರು ಹೊತ್ತೂ ಮೀನೇ ಉಂಡು ಬಂದವನಿಗೆ ಅವಳು ಮಾಡಿಟ್ಟದ್ದು ಹರಿವೆ ಸೊಪ್ಪಿನ ಸಾರು.

ಮಲ್ಪೆಯಲ್ಲಿ ಒಂದು ಬೋಟು ಬಂದು ಮತ್ತೆ ಹೊರಡುವ ನಡುವೆ ಹುಡುಗರಿಗೆ ಸಿಗುವುದು ಒಂದೋ ಎರಡೋ ದಿನ. ಮೇ ಕೊನೆಯವರೆಗೂ ಹೀಗೇ. ಜೂನ್ 1ರಿಂದ ಜುಲೈ 31ರವರೆಗೆ, ಮೀನು ಮರಿ ಮಾಡುವ ಮಳೆಗಾಲದಲ್ಲಿ, ಕರ್ನಾಟಕ ಕರಾವಳಿಯ ಯಾಂತ್ರಿಕ ಬೋಟುಗಳಿಗೆ 61 ದಿನ ಕಡಲಿಗಿಳಿಯಲು ನಿಷೇಧ. ಸಂಪಾದನೆಯಿಲ್ಲದ, ಸಾಲವೇ ಹೆಚ್ಚಾಗುವ ತಿಂಗಳುಗಳವು. ಮೇ ತಿಂಗಳಲ್ಲಿ ಮದುವೆಯಾದ ಈ ಇಬ್ಬರು ಒಂದೇ ಮನೆಯಲ್ಲಿ ಒಟ್ಟಿಗೆ ಇಷ್ಟು ದಿನ ಕಳೆದದ್ದು ಆ ಎರಡು ತಿಂಗಳಲ್ಲಿ ಮಾತ್ರ.